ಕಲೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

ನನ್ನ ಬಾಯಿಗೊಂದು ವಾಷರ್ ಹಾಕಿಸಬೇಕು ಎನ್ನುತ್ತಿದ್ದ ಅಕ್ಕನಿಗೆ,

ನಿನ್ನೆ ನಿನ್ನ ಕವರು ಬಂತು. ಒಳಗೆ ಏನು ಬರೆದಿರುತ್ತೀಯೋ ಎಂದು ಒಡೆಯುವುದಕ್ಕೇ ಹೆದರಿ ಮಧ್ಯಾಹ್ನದವರೆಗೆ ಮೇಜಿನ ಮೇಲೆ ಇಟ್ಟಿದ್ದೆ. ಪತ್ರ ಇರಲಿಲ್ಲ. ಒಂದು ವಾಷರ್ ಇತ್ತು.

ಹೋದ ವಾರ ನೀನು ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತೆ. ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ನಾನು ಒಂದೇ ಸಮನೆ ಮಾತಾಡಿದೆ. ನಾವು ವಿರೋಧಿಸುತ್ತಿರುವ ಶಸ್ತ್ರಾಸ್ತ್ರ ಪ್ರಯೋಗಾಲಯದ ಗೋಡೆ, ಮುಂದಿನ ಧರಣಿ, ನಾವು ಕೊಡಲಿರುವ ಮನವಿ. ನೀನು ತಲೆ ಓರೆ ಮಾಡಿ ಕೇಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಅಕ್ಕ ನನ್ನ ಮಾತಿಗೆ ಕಿವಿ ಕೊಟ್ಟಿದ್ದಾಳೆ ಎಂದು ನನಗೆ ಒಳಗೊಳಗೇ ಖುಷಿ. ಕವರು ಒಡೆದ ಮೇಲೆ ಗೊತ್ತಾಯಿತು, ನೀನು ಕೇಳುತ್ತಿದ್ದದ್ದು ನನ್ನನ್ನಲ್ಲ, ಬಚ್ಚಲಿನ ನಲ್ಲಿಯನ್ನು. ಹನಿ ಬೀಳುವ ಸದ್ದಿನಲ್ಲೇ ಅಳತೆ ಹಿಡಿದು ಎದ್ದು ಹೋಗಿದ್ದೀಯ.

ಅವತ್ತು ನೀನು ಕೇಳಿದ್ದು ಒಂದೇ ಪ್ರಶ್ನೆ. "ಯಾಕೆ ಬರೆದು ಕೊಟ್ಟೆ? ಯಾರು ಕೇಳಿದ್ರು ನಿನ್ನ?" ಭಾಷಣ ಎಂದು ನೀನೇ ಅಡ್ಡಹೆಸರಿಟ್ಟ ನಿನ್ನ ತಂಗಿಯ ಬಾಯಿಗೆ ಉತ್ತರ ಬರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಎಲ್ಲಿಂದ ಶುರು ಮಾಡಲಿ? ಅಪ್ಪನಿಂದಲೇ ಮಾಡುತ್ತೇನೆ. ನಲ್ಲಿ ರಿಪೇರಿಯವನ ಇಬ್ಬರು ಹೆಣ್ಣುಮಕ್ಕಳು ನಾವು. ಅಪ್ಪನ ಸ್ಪ್ಯಾನರ್ ನೀನು ಹಿಡಿದೆ, ಸ್ಪ್ಯಾನರಿಗೆ ಸುತ್ತಿದ್ದ ಹಳೇ ಪೇಪರನ್ನು ನಾನು ಓದಿದೆ. ನಮ್ಮಿಬ್ಬರ ಹಣೆಬರಹ ಅಲ್ಲೇ ಮುಗಿಯಿತು. ಯಾರದೋ ಮನೆಯ ಚಾವಣಿಯ ಮೇಲೆ ಹಬ್ಬಿದ ಕಲೆಯನ್ನು ತೋರಿಸಿ ಅಪ್ಪ ಹೇಳುತ್ತಿದ್ದ ಮಾತು ನಿನಗೆ ನೆನಪಿರಲೇಬೇಕು. "ಕಲೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ. ಕಲೆ ಕಂಡಲ್ಲೇ ಗೋಡೆ ಒಡೆಯೋನು ಕೆಲಸ ಕಲಿತಿಲ್ಲ ಅಂತ ಅರ್ಥ." ನೀರು ಎಲ್ಲೋ ತಪ್ಪಿಸಿಕೊಂಡು, ಕಳ್ಳನ ಹಾಗೆ ಗೋಡೆಯೊಳಗೆ ನಡೆದು, ಏನೂ ತಪ್ಪು ಮಾಡದ ಜಾಗದಲ್ಲಿ ಬಂದು ಕಾಣಿಸಿಕೊಳ್ಳುತ್ತದೆ. ನೀನು ಈ ಮಾತನ್ನು ಕೈಗೆ ಕಲಿಸಿಕೊಂಡೆ. ನಾನು ಅದನ್ನು ಭಾಷಣಗಳಲ್ಲಿ ಗಾದೆ ಮಾಡಿಕೊಂಡೆ. ಸರಕಾರ ಬಡವರ ಮೇಲೆ ತಪ್ಪು ಹೊರಿಸಿದಾಗಲೆಲ್ಲ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಬಸ್ ಡಿಪೋ ಹಿಂದಿನ ನಿನ್ನ ಶೆಡ್ಡು ಈಗಲೂ ನನ್ನ ಮೂಗಿನಲ್ಲಿದೆ. ರಬ್ಬರಿನ ಘಾಟು, ಬೆವರು, ಹಾಳೆ ಹಾಳೆಗೆ ಅಂಟದಿರಲೆಂದು ಉದುರಿಸುವ ಬಿಳಿ ಪೌಡರು. ವಾಷರ್ ಕತ್ತರಿಸುವ ಒಂದು ಕೈಪ್ರೆಸ್ಸು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅದರ ಉಕ್ಕಿನ ಅಚ್ಚುಗಳು, ನಿಮ್ಮ ಬಾಯಲ್ಲಿ ಡೈಗಳು, ನಾಲ್ಕು ಜನ ಹೆಂಗಸರು. ಅವರಲ್ಲಿ ಹಿರಿಯವಳಾದ ಪೌಡರಜ್ಜಿಯ ಕೂದಲಲ್ಲಿ ಯಾವುದು ವಯಸ್ಸಿನ ಬಿಳುಪು, ಯಾವುದು ಪೌಡರಿನ ಬಿಳುಪು ಎಂದು ಅವಳಿಗೇ ಗೊತ್ತಿರಲಿಲ್ಲ. ನೀನು ಪ್ರತಿಯೊಂದು ವಾಷರನ್ನೂ ಹೆಬ್ಬೆರಳು ತೋರುಬೆರಳ ನಡುವೆ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು, ಮಡಿಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಬುಟ್ಟಿಗೆ ಎಸೆಯುತ್ತಿದ್ದೆ. ನಾಲ್ಕಾಣೆಯ ವಾಷರಿಗೆ ಯಾಕಿಷ್ಟು ಎಂದರೆ, "ಸೋರಿದ್ರೆ ಬೈಗುಳ ನಲ್ಲಿಗಲ್ಲ ಕಣೆ, ನನಗೆ" ಎನ್ನುತ್ತಿದ್ದೆ.

ಆಮೇಲೆ ಪ್ರಯೋಗಾಲಯದ ಪ್ರಕಟಣೆ ಬಂತು. ದೇಶದ ಭದ್ರತೆಯ ಸಂಶೋಧನೆಗೆ ಸಣ್ಣ ಉದ್ಯಮಿಗಳಿಗೂ ಅವಕಾಶ, ಮಹಿಳೆಯರು ನಡೆಸುವ ಘಟಕಗಳಿಗೆ ಆದ್ಯತೆ, ಬಂದು ಅಧಿಕಾರಿಗಳನ್ನು ಖುದ್ದಾಗಿ ಕಾಣಿ. ಒಂದಿಡೀ ದಿನದ ಸಭೆ. ನೀನು ಬಿಸ್ಕತ್ತಿನ ಡಬ್ಬಿಯಲ್ಲಿ ವಾಷರ್ ತುಂಬಿಕೊಂಡು, ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಸಾಲಿನಲ್ಲಿ ನಿಂತಿದ್ದೆ. ನಾನು ಅದೇ ಗೇಟಿನ ಹೊರಗೆ ಫಲಕ ಹಿಡಿದು ಘೋಷಣೆ ಕೂಗುತ್ತಿದ್ದೆ. ನಿನ್ನನ್ನು ಕಂಡ ಕೂಡಲೇ ನನ್ನ ಗಂಟಲು ಇನ್ನೂ ಏರಿತು, ನಾಚಿಕೆಗೋ ಸಿಟ್ಟಿಗೋ. ನನ್ನ ಅಕ್ಕ, ಕೊಲ್ಲುವ ಯಂತ್ರಗಳ ಮನೆಯ ಬಾಗಿಲಲ್ಲಿ, ಬಿಸ್ಕತ್ತಿನ ಡಬ್ಬಿ ಹಿಡಿದು! ನೀನು ಸಾಲು ಬಿಟ್ಟು ಸೀದಾ ನನ್ನ ಹತ್ತಿರ ಬಂದೆ. ಸಂಗಾತಿಗಳೆಲ್ಲ ನೋಡುತ್ತಿದ್ದರು. "ತಲೆ ಮೇಲೆ ಬಟ್ಟೆ ಹಾಕ್ಕೋ, ಬಿಸಿಲು" ಎಂದು ಹೇಳಿ ವಾಪಸ್ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಒಳಗೆ ನಡೆದದ್ದನ್ನು ಆಮೇಲೆ ನೀನೇ ಹೇಳಿದ್ದು. ಖರೀದಿ ಅಧಿಕಾರಿ ಯಾವ ಯಾವ ಪ್ರಮಾಣಪತ್ರ ಇದೆ ಎಂದು ಕೇಳಿದನಂತೆ. ನೀನು ಅವನ ಕೈಗೆ ಒಂದು ವಾಷರ್ ಕೊಟ್ಟು ಮಡಚಿ ನೋಡಿ ಎಂದೆಯಂತೆ. ಅವನು ಮಡಚಿದ, ಎಳೆದ, ಕೊನೆಗೆ ಹಲ್ಲಿನಲ್ಲೂ ಕಚ್ಚಿದ. ನಾನು ಊಟಕ್ಕೆ ಕೂತಾಗ ಇದನ್ನು ಹೇಳಿ ನೀನು ನಕ್ಕೆ. ನಾನು ನಗಲಿಲ್ಲ. ಬಾಂಬಿನವರಿಗೆ ದುಡಿಯುತ್ತೀಯಾ ಎಂದೆ. ನೀನು ತಟ್ಟೆಗೆ ಇನ್ನಷ್ಟು ಬಡಿಸುತ್ತ ಹೇಳಿದೆ. "ಇಪ್ಪತ್ತು ವರ್ಷ ಹೆಂಗಸು ಅಂತ ಆರ್ಡರ್ ಕೊಡಲಿಲ್ಲ. ಇವರು ಹೆಂಗಸು ಅಂತಲೇ ಕರೀತಿದಾರೆ. ನಿಮ್ಮ ಸಂಘದವರು ಬೇರೆ ಕೆಲಸ ಕೊಡ್ತಾರೇನು, ಹೇಳು. ನಾಳೆನೇ ಬಿಡ್ತೀನಿ."

ಆರ್ಡರು ಬಂತು. ಅದಕ್ಕೆ ಬೇರೆ ಕೋಣೆ ಬೇಕು, ಬೇರೆ ರಬ್ಬರು ಬೇಕು, ಬೇರೆಯವರ ಕೆಲಸ ಅದರ ಜೊತೆ ಬೆರೆಯಬಾರದು. ನೀನು ನಲ್ಲಿ ಅಂಗಡಿಗಳ ಹಳೇ ಗಿರಾಕಿಗಳನ್ನೆಲ್ಲ ಕೈಮುಗಿದು ಬೇರೆಯವರಿಗೆ ಒಪ್ಪಿಸಿದೆ. ಹೊಸ ನಕ್ಷೆಯಲ್ಲಿ ಒಂದು ಕಪ್ಪು ಉಂಗುರ. ಹೆಸರಿಲ್ಲ, ಬರೀ ನಂಬರು. ಯಾವುದಕ್ಕೆ ಎಂದು ಕೇಳುವ ಹಾಗಿಲ್ಲ, ಯಾರಿಗೂ ತೋರಿಸುವ ಹಾಗಿಲ್ಲ ಎಂದು ನೀನು ಸಹಿ ಹಾಕಿಕೊಟ್ಟಿದ್ದೆ. ಒಂದು ಭಾನುವಾರ ನಾನು ಊಟಕ್ಕೆ ಬಂದಾಗ ಅದು ಮೇಜಿನ ಮೇಲಿತ್ತು. ನನ್ನನ್ನು ಕಂಡದ್ದೇ ನೀನು ಅದರ ಮೇಲೆ ತಟ್ಟೆ ಬೋರಲು ಹಾಕಿದೆ. ನೀನು ಕೈ ತೊಳೆಯಲು ಒಳಗೆ ಹೋದೆ. ನಾನು ತಟ್ಟೆ ಎತ್ತಿದೆ.

ಇದನ್ನು ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ. ನೀನು ತೋರಿಸಲಿಲ್ಲ. ನಾನು ಕದ್ದು ನೋಡಿದೆ.

ಆ ಉಂಗುರದ ತೂತುಗಳಲ್ಲಿ ಒಂದು ಮಿಕ್ಕವುಗಳ ಸಾಲಿಗೆ ಸೇರಿರಲಿಲ್ಲ. ಎಷ್ಟು ಸರಿದಿತ್ತು, ಯಾವ ಕಡೆಗೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಸಲ ಬರೆದದ್ದು ಸಾಕು. ಪ್ರಯೋಗಾಲಯದ ವಿರುದ್ಧ ನಮ್ಮ ಸಂಘದ ಪತ್ರಿಕೆಗೆ ಬರೆದ ಲೇಖನದಲ್ಲಿ ನಾನು ಅದನ್ನು ಪ್ರಶ್ನೆ ಕೇಳುವ ಪ್ರಜೆಗೆ ಹೋಲಿಸಿದೆ. ಎಲ್ಲರೂ ಸಾಲಿನಲ್ಲಿ ನಿಂತಾಗ ಒಬ್ಬ ಮಾತ್ರ ಪಕ್ಕಕ್ಕೆ ಸರಿದು ನಿಂತ ಹಾಗೆ ಎಂದು. ಎಂಥ ಉಪಮೆ ಎಂದು ಸಂಗಾತಿಗಳು ಬೆನ್ನು ತಟ್ಟಿದರು. ಕಲೆ ಎಂದರೆ ಇದು ಎಂದರು. ಕಲೆಯೇ ಆಯಿತು ಅಕ್ಕ, ನಿನ್ನ ಸೆರಗಿನ ಮೇಲೆ.

ನಾನು ನಿನ್ನ ಹೆಸರು ಹಾಕಿರಲಿಲ್ಲ. ಊರು ಹಾಕಿರಲಿಲ್ಲ. ಇದನ್ನೇ ಎಷ್ಟು ದಿನ ನನಗೆ ನಾನೇ ಹೇಳಿಕೊಂಡೆ! ಆ ಉಂಗುರ ಕತ್ತರಿಸುವವರು ಇಡೀ ದೇಶದಲ್ಲಿ ನಿನ್ನ ಶೆಡ್ಡಿನ ನಾಲ್ಕು ಹೆಂಗಸರು. ಅವರಿಗೆ ಹೆಸರು ಯಾಕೆ ಬೇಕಿತ್ತು?

ಲೇಖನ ಓದಿ ನೀನು ಎರಡು ಮಾತಾಡಿದೆ. "ಚೆನ್ನಾಗಿ ಬರೆದಿದೀಯ. ಆ ತೂತು ಯಾಕೆ ಬರೆದೆ?" ಅಷ್ಟೇ. ಮೂರು ವಾರಕ್ಕೆ ಶೆಡ್ಡಿಗೆ ಬೀಗ ಬಿತ್ತು. ಕೇಳಿದರೆ, ಆರ್ಡರ್ ಮುಗೀತು ಬಿಡು ಎಂದೆ. ನಾನು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ನಿನ್ನ ಬೀಗವನ್ನೂ ಭಾಷಣಕ್ಕೆ ಬಳಸಿಕೊಂಡೆ. ಸಣ್ಣವರನ್ನು ಹೇಗೆ ಕಬ್ಬಿನಂತೆ ಹಿಂಡಿ ಎಸೆಯುತ್ತಾರೆ ನೋಡಿ ಎಂದು ಮೈಕಿನ ಮುಂದೆ ಗುಡುಗಿದೆ. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ನಾನು ಗೊತ್ತು ಮಾಡಿಕೊಳ್ಳಲಿಲ್ಲ. ಕಲೆ ಕಂಡಲ್ಲೇ ಗೋಡೆ ಒಡೆದೆ.

ಎರಡು ವರ್ಷ ಕಳೆದ ಮೇಲೆ, ಮೊನ್ನೆ ಮೊನ್ನೆ, ಬಸ್ ನಿಲ್ದಾಣದಲ್ಲಿ ಪೌಡರಜ್ಜಿ ಸಿಕ್ಕಳು. ಈಗ ಅವಳ ಕೂದಲು ಖಂಡಿತ ವಯಸ್ಸಿನದೇ. ಅವಳು ಹೇಳಿದಳು. ಶೆಡ್ಡಿಗೆ ಬೀಗ ಬೀಳುವ ಮೊದಲು ಪ್ರಯೋಗಾಲಯದಿಂದ ಇಬ್ಬರು ಬಂದಿದ್ದರಂತೆ. ಒಬ್ಬನ ಕೈಯಲ್ಲಿ ನಮ್ಮ ಪತ್ರಿಕೆ, ನನ್ನ ಉಪಮೆಯ ಕೆಳಗೆ ಕೆಂಪು ಗೆರೆ. ನಕ್ಷೆ ಯಾರಿಗೆ ತೋರಿಸಿದಿರಿ ಎಂದು ಕೇಳಿದರಂತೆ. ತೋರಿಸಲಿಲ್ಲ, ಮರೆತು ಊಟದ ಮೇಜಿನ ಮೇಲೆ ಬಿಟ್ಟಿದ್ದೆ, ತಪ್ಪು ನನ್ನದೇ ಎಂದೆಯಂತೆ. ಆ ಮೇಜಿನಲ್ಲಿ ಯಾರು ಯಾರು ಉಣ್ಣುತ್ತಾರೆ ಎಂದರಂತೆ. "ಹಸಿದು ಬಂದೋರೆಲ್ಲ ಉಣ್ತಾರೆ ಸರ್. ನಾನು ಪಟ್ಟಿ ಇಟ್ಟಿಲ್ಲ" ಎಂದೆಯಂತೆ. ಒಂದೇ ಒಂದು ಹೆಸರು ಹೇಳಿದ್ದರೆ ಪ್ರೆಸ್ಸು ಉಳಿಯುತ್ತಿತ್ತು. ಅವರು ಅದನ್ನೂ ಬಾಯಿಬಿಟ್ಟು ಹೇಳಿದ್ದರಂತೆ. ಆರ್ಡರು ರದ್ದಾಯಿತು, ನಿನ್ನ ಹೆಸರು ಅವರ ನಿಷೇಧದ ಪಟ್ಟಿಗೆ ಸೇರಿತು. ಜೀವಮಾನವೆಲ್ಲ ಸೋರಿಕೆ ನಿಲ್ಲಿಸುವುದನ್ನೇ ಕಲಿತವಳು ನೀನು. ನನ್ನ ಹೆಸರನ್ನು ಹನಿಯಷ್ಟೂ ಸೋರಲು ಬಿಡಲಿಲ್ಲ.

ಪ್ರೆಸ್ಸನ್ನು ಯಾರೋ ಗಾಡಿಗೆ ಏರಿಸಿಕೊಂಡು ಹೋದ ದಿನ ನೀನು ಡೈಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕೊಟ್ಟೆಯಂತೆ, ಮದುವೆಯಾಗಿ ಹೋಗುವವಳ ಪೆಟ್ಟಿಗೆ ತುಂಬುವ ಹಾಗೆ. ಈಗ ಬೇರೆಯವರ ಕಾರ್ಖಾನೆಯಲ್ಲಿ ನಿಂತುಕೊಂಡು ಬೇರೆಯವರ ವಾಷರ್ ಮಡಚಿ ನೋಡುತ್ತೀಯ. ಬಿರುಕಿದ್ದದ್ದನ್ನು ಎಸೆದರೆ ಮೇಸ್ತ್ರಿ ಗೊಣಗುತ್ತಾನಂತೆ, ಇಷ್ಟು ಎಸೆದರೆ ಹೇಗಮ್ಮ ಎಂದು.

ಅದಕ್ಕೇ ಪ್ರಯೋಗಾಲಯಕ್ಕೆ ಹೋಗಿ ಬರೆದು ಕೊಟ್ಟೆ. ಆ ಗೇಟಿನ ಮುಂದೆ ಎಷ್ಟೋ ಸಲ ನಿಂತಿದ್ದೇನೆ, ಲಾಠಿ ಏಟು ತಿಂದಿದ್ದೇನೆ. ಬೆನ್ನ ಹಿಂದೆ ಜನ ಇಲ್ಲದೆ, ಕೈಯಲ್ಲಿ ಫಲಕ ಇಲ್ಲದೆ ನಿಂತದ್ದು ಮೊದಲ ಸಲ. ಕಾವಲಿನವನು ಗುರುತು ಹಿಡಿದು, "ಏನ್ ಮೇಡಂ, ಇವತ್ತು ಧರಣಿನಾ? ನಮಗೆ ಹೇಳೇ ಇಲ್ವಲ್ಲ" ಎಂದ. 'ನಾವು' ಎಂದು ಕೂಗುವುದಕ್ಕೆ ನನಗೆ ಗಂಟಲಿದೆ. 'ನಾನು' ಎಂದು ಹೇಳಿ ಅಭ್ಯಾಸವೇ ಇಲ್ಲ. ಕಿಟಕಿಯೊಳಗೆ ಕಾಗದ ತೂರಿಸಿದೆ. ನಕ್ಷೆಯನ್ನು ನಾನು ಕದ್ದು ನೋಡಿದ್ದು, ಆಕೆಯದು ತಪ್ಪಿಲ್ಲ, ಶಿಕ್ಷೆ ನನಗಾಗಲಿ, ಆಕೆಯ ಹೆಸರನ್ನು ನಿಷೇಧದ ಪಟ್ಟಿಯಿಂದ ತೆಗೆಯಿರಿ. ಗುಮಾಸ್ತ ಓದದೆಯೇ ಮುದ್ರೆ ಒತ್ತಿದ. ಅವತ್ತಿನಿಂದ ಬಾಗಿಲು ಬಡಿದರೆ ಪೊಲೀಸರೇ ಎಂದುಕೊಂಡು ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಟ್ಟಿದ್ದೆ.

ಬಂದದ್ದು ಟಪಾಲಿನವನು, ಪ್ರಯೋಗಾಲಯದ ಉತ್ತರ ಹಿಡಿದು. ನಿನಗೂ ಒಂದು ಪ್ರತಿ ಬಂದಿದ್ದರಿಂದಲೇ ಅಲ್ಲವೇ ನೀನು ನನ್ನ ಕೋಣೆಗೆ ಬಂದದ್ದು? "ಸದರಿ ಸಂಸ್ಥೆಯು ಪ್ರಸ್ತುತ ಅಸ್ತಿತ್ವದಲ್ಲಿಲ್ಲದ ಕಾರಣ ತಮ್ಮ ಪತ್ರದ ಮೇಲೆ ಕ್ರಮ ಕೈಗೊಳ್ಳುವ ಪ್ರಶ್ನೆ ಉದ್ಭವಿಸುವುದಿಲ್ಲ." ಇಷ್ಟೇ. ನಿನ್ನ ಇಪ್ಪತ್ತು ವರ್ಷ ಅಸ್ತಿತ್ವದಲ್ಲಿಲ್ಲ. ನನ್ನ ತಪ್ಪೊಪ್ಪಿಗೆಗೆ ಒಂದು ಕೇಸಿನ ಬೆಲೆಯೂ ಇಲ್ಲ. ಎರಡು ವರ್ಷ ತಡವಾಗಿ ತಂದ ಧೈರ್ಯವನ್ನು ಯಾರು ಕೊಳ್ಳುತ್ತಾರೆ?

ಒಂದು ಮಾತು ಮುಚ್ಚಿಡುವುದಿಲ್ಲ. ಆ ಪ್ರಯೋಗಾಲಯದ ವಿರುದ್ಧ ಬರೆದ ಒಂದಕ್ಷರವನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಏನು ಮಾಡುತ್ತಿದ್ದೇವೆ ಎಂದು ಮಾಡುವವರಿಗೇ ಹೇಳದ ಜಾಗ ಅದು, ನಾಳೆಯೂ ಅದರ ಗೇಟಿನ ಮುಂದೆ ನಿಲ್ಲುತ್ತೇನೆ. ಆದರೆ ಅವರೂ ನಿನ್ನನ್ನು ಬಳಸಿಕೊಂಡರು, ನಾನೂ ಬಳಸಿಕೊಂಡೆ. ಅವರಾದರೂ ನಿನ್ನ ಕೈಯಿಂದ ಸಹಿ ಹಾಕಿಸಿಕೊಂಡಿದ್ದರು. ನಾನು ಕೇಳಲೂ ಇಲ್ಲ.

ಈ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು ನಿನಗೆ ಕಳಿಸುತ್ತಿದ್ದೇನೆ. ಯಾವ ಸಾಲು ಬೇಡವೋ ಅದರ ಮೇಲೆ ಗೆರೆ ಎಳೆ. ಪೂರ್ತಿ ಬೇಡವಾದರೆ ಒಲೆಗೆ ಹಾಕು. ನೀನು ಹ್ಞೂಂ ಎಂದರೆ ಮಾತ್ರ ಬೇರೆಯವರು ಓದುತ್ತಾರೆ.

ನಿನ್ನ ವಾಷರನ್ನು ಇವತ್ತು ಬೆಳಿಗ್ಗೆ ನಾನೇ ಹಾಕಿದೆ. ನಲ್ಲಿ ರಿಪೇರಿಯವನ ಮಗಳಾಗಿ ನೀರಿನ ಮೇನ್ ವಾಲ್ವ್ ಮೊದಲು ಬಂದ್ ಮಾಡಬೇಕೆಂಬುದನ್ನೂ ಮರೆತು ಪೂರ್ತಿ ನೆನೆದೆ. ಕೂರಿಸುವ ಮೊದಲು ನೀನು ಮಾಡುವ ಹಾಗೆ ಮಡಚಿ ಕಿಟಕಿಗೆ ಹಿಡಿದೆ. ಬಿರುಕಿರಲಿಲ್ಲ. ಆದರೆ ಅಂಚು ಗುಂಡಗಿರಲಿಲ್ಲ ಅಕ್ಕ. ಪ್ರೆಸ್ಸು ಇಲ್ಲ, ಡೈ ಇಲ್ಲ, ಅಡುಗೆಮನೆಯ ಕತ್ತರಿಯಲ್ಲಿ ಕತ್ತರಿಸಿದ್ದೀಯ. ಒಂದು ಕಡೆ ಕತ್ತರಿ ಜಾರಿದ್ದು ಕಾಣುತ್ತದೆ. ನಿನ್ನ ಕೈಯಿಂದ ಓರೆಕೋರೆಯಾಗಿ ಬಂದ ವಾಷರನ್ನು ನಾನು ನೋಡಿದ್ದು ಇದೇ ಮೊದಲು. ಬಚ್ಚಲ ಒದ್ದೆ ನೆಲದಲ್ಲಿ ಕೂತು ಅದನ್ನು ಹಾಗೇ ನಲ್ಲಿಗೆ ಕೂರಿಸಿ ಬಿಗಿ ಮಾಡಿದೆ.

ಈಗ ಸಂಜೆ. ಒಂದು ಹನಿಯೂ ಬಿದ್ದಿಲ್ಲ.

ನಿನ್ನ ಹೆಬ್ಬೆರಳು ನೋಯದಿರಲಿ, ಆ ಮೇಸ್ತ್ರಿಯ ಗೊಣಗಾಟ ನಿನ್ನ ಕಿವಿಗೆ ಬೀಳದಿರಲಿ. ಭಾನುವಾರ ಬರುತ್ತೇನೆ. ಮೇಜಿನ ಮೇಲೆ ಏನೇ ಬೋರಲಾಗಿದ್ದರೂ ಮುಟ್ಟುವುದಿಲ್ಲ.

ಇಂತಿ ನಿನ್ನ ತಂಗಿ,
ಭಾಷಣ