ಅಕ್ಕಿಯ ಮೇಲೆ ಬರೆದ ಹೆಸರು

ಬೈಲಹೊಂಗಲ
ನವೆಂಬರ್ 9, ರವಿವಾರ

ಪ್ರೀತಿಯ ಸ್ನೇಹಲ್,

ನೇಸರಗಿಯಲ್ಲಿ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದು ಹದಿನೈದು ದಿನವಾಯಿತು, ಉತ್ತರ ಬರೆಯಲಿಲ್ಲ. ಲಗ್ನದ ಸೀಜನ್ನು, ಹೊಲಿಯಲು ಜಂಪರುಗಳ ರಾಶಿ ಅಂತ ನೆಪ ಹೇಳಬಹುದು. ಹೇಳುವುದಿಲ್ಲ. ಫೋನ್ ಮಾಡೋಣವೆಂದರೆ ಅದರಲ್ಲಿ ಆಡಿದ್ದೆಲ್ಲ ಗುರುತಿನ ಕಚೇರಿಗೂ ಕೇಳಿಸುತ್ತದೆ. ಹಾಗಾಗಿ ಈ ಕಾಗದ.

ಒಬ್ಬರಿಗೆ ಒಂದೇ ಹೆಸರು ಎಂಬ ಕಾನೂನು ಬಂದಾಗ ನಾವಿಬ್ಬರೂ ಚಹಾ ಕುಡಿಯುತ್ತ ನಕ್ಕಿದ್ದೆವು, ನೆನಪಿದೆಯಾ? ನಿನ್ನ ಮದುವೆಯಲ್ಲೂ ಹಾಗೇ ನಕ್ಕಿದ್ದೆ. ತಾಟಿನಲ್ಲಿ ಅಕ್ಕಿ ಹರವಿ, ನಿನ್ನ ಗಂಡ ಉಂಗುರದಿಂದ ನಿನ್ನ ಹೊಸ ಹೆಸರು ಬರೆದ: ಉಮಾಶ್ರೀ. ನಾನು ನಿನ್ನ ಕಿವಿಯಲ್ಲಿ, "ಈ ಅಕ್ಕಿ ನಾಳಿ ಅನ್ನ ಆಗತೈತಿ. ನೀ ಮಾತ್ರ ಸ್ನೇಹಲ್ ಆಗೇ ಇರತಿ" ಎಂದಿದ್ದೆ. ದೊಡ್ಡ ಶಾಣ್ಯಾಕಿ ನಾನು.

ಈಗ ನೋಡು. ಶಿಕ್ಷಕಿ ತರಬೇತಿಯ ಪ್ರಮಾಣಪತ್ರ ಇರುವುದು ಸ್ನೇಹಲ್ ಹೆಸರಿಗೆ, ರಾಮದುರ್ಗದ ಶಾಲೆ ಕರೆದದ್ದೂ ಸ್ನೇಹಲ್‌ಳನ್ನು. ಉಮಾಶ್ರೀ ಗಂಡನ ಸಹಿಯಿಲ್ಲದೆ ತಾಲ್ಲೂಕು ದಾಟುವಂತಿಲ್ಲ, ಅವನು ಸಹಿ ಹಾಕುವುದಿಲ್ಲ. ಇಬ್ಬರೂ ಒಬ್ಬಳೇ ಎಂದು ಬಾಲ್ಯದ ಗೆಳತಿ ಸಾಕ್ಷಿ ಹೇಳಿದರೆ, ಬೇಕಾದ ಹೆಸರನ್ನು ನೀನೇ ಇಟ್ಟುಕೊಂಡು, ಸ್ನೇಹಲ್ ಆಗಿ ಯಾರ ಸಹಿಯೂ ಇಲ್ಲದೆ ಹೋಗಬಹುದಿತ್ತು. ಅದಕ್ಕೇ ನನ್ನನ್ನು ಕಳಿಸಿದೆ.

ಕಚೇರಿಯಲ್ಲಿ ಗುಮಾಸ್ತ ಸಿದ್ದರಾಮ ಪರದೆಯ ಮೇಲೆ ಎರಡು ಫೋಟೋ ತೋರಿಸಿದ. ಒಂದರಲ್ಲಿ ನೀನು ಎರಡು ಜಡೆ ಹಾಕಿಕೊಂಡಿದ್ದೆ, ಇನ್ನೊಂದರಲ್ಲಿ ತಲೆಯ ಮೇಲೆ ಸೆರಗಿತ್ತು. ಇಬ್ಬರೂ ಒಬ್ಬರೇ ಏನು ಎಂದು ಕೇಳಿದ. ನನಗೆ ತಲೆ ಕೆಟ್ಟುಹೋಯಿತು. ಮೊದಲನೆಯವಳು ನನ್ನ ಜೊತೆ ಹುಣಸೆಮರ ಹತ್ತಿದವಳು. ಎರಡನೆಯವಳು ನಗುವ ಮುಂಚೆ ಅತ್ತೆಯ ಮುಖ ನೋಡುತ್ತಾಳೆ. 'ಹೌದು, ಆದರೆ' ಅಂತ ಏನೋ ಹೇಳಲು ಹೋದೆ.

"ಅಕ್ಕಾರ, 'ಹೌದು', ಇಲ್ಲಾಂದ್ರ 'ಅಲ್ಲ', ಎರಡ ಗುಂಡಿ ಅದಾವ. ಆದ್ರ ಅನ್ನೂದಕ್ಕ ಇದರಾಗ ಜಾಗಾ ಇಲ್ರಿ" ಎಂದ.

ನಾನು 'ಅಲ್ಲ' ಒತ್ತಿದೆ. ಇಬ್ಬರೂ ಬೇರೆ ಬೇರೆ ಅಂದರೆ ಉಮಾಶ್ರೀ ನೇಸರಗಿಯಲ್ಲಿ ಉಳಿದು, ಸ್ನೇಹಲ್ ಯಾರ ಹಂಗೂ ಇಲ್ಲದೆ ರಾಮದುರ್ಗದ ಬಸ್ಸು ಹತ್ತುತ್ತಾಳೆ ಅಂದುಕೊಂಡೆ. ಆದದ್ದು ನಿನಗೆ ಗೊತ್ತು. ಉಮಾಶ್ರೀಗೆ ಮನೆ ಇದೆ, ಸ್ನೇಹಲ್‌ಗೆ ವಿಳಾಸವಿಲ್ಲ, ಆದ್ದರಿಂದ ಅಂಥವಳೇ ಇಲ್ಲ ಎಂದು ಬರೆದುಬಿಟ್ಟರು. ತಿಳಿಯದೆ ತಪ್ಪು ಮಾಡಿದೆ, ಸ್ನೇಹಲ್. ಹೊಟ್ಟೆಗೆ ಹಾಕಿಕೋ.

ಅವ್ವ ನಿನಗಾಗಿ ಶೇಂಗಾ ಹೋಳಿಗೆ ಎತ್ತಿಟ್ಟಿದ್ದಾಳೆ, ಮೊದಲಿನಂತೆ ವಾರಕ್ಕೊಮ್ಮೆ ಯಾಕೆ ಬರುತ್ತಿಲ್ಲವೆಂದು ದಿನಾ ಕೇಳುತ್ತಾಳೆ. ಏನು ಹೇಳಬೇಕೋ ತಿಳಿಯದು. ನಿನಗೆ ಒಳ್ಳೆಯದಾಗಲಿ, ಯಾವ ಹೆಸರಿನಲ್ಲಿದ್ದರೂ.

ನಿನ್ನ
ಮಹಾನಂದಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ತಿಳಿಯದೆ ಅಂತ ಬರೆದದ್ದು ಸುಳ್ಳು. 'ಅಲ್ಲ' ಒತ್ತಿದರೆ ಏನಾಗುತ್ತದೆಂದು ಸಿದ್ದರಾಮ ಎರಡು ಸಲ ಬಿಡಿಸಿ ಹೇಳಿದ್ದ. ನೀನು ರಾಮದುರ್ಗಕ್ಕೆ ಹೋದರೆ ವಾರಕ್ಕೊಮ್ಮೆ ನನ್ನ ಹೊಲಿಗೆ ಮಷಿನ್ನಿನ ಪಕ್ಕ ಬಂದು ಕೂರುವವರು ಯಾರು ಎಂಬುದೊಂದೇ ಆಗ ತಲೆಯಲ್ಲಿತ್ತು. ನಿನ್ನ ಗಂಡ ಸಹಿ ಹಾಕದೆ ಮಾಡಿದ್ದನ್ನು ನಾನು ಗುಂಡಿ ಒತ್ತಿ ಮಾಡಿದೆ. ಸಾಕ್ಷಿ ಸುಳ್ಳಾಡಿದ್ದಾಳೆ ಎಂದು ಮೂವತ್ತು ದಿನದೊಳಗೆ ದೂರು ಕೊಟ್ಟರೆ ಮರುವಿಚಾರಣೆ ಇದೆ, ಇನ್ನೂ ಕೆಲವು ದಿನ ಉಳಿದಿವೆ. ಆಮೇಲೆ ನನ್ನನ್ನೂ ಊರು ದಾಟಲು ಬಿಡುವುದಿಲ್ಲ. ಇರಲಿ. ನನ್ನ ಮೇಲಿನ ದೂರನ್ನು ನಾನೇ ತುಂಬಿ ಇದರೊಳಗೆ ಇಟ್ಟಿದ್ದೇನೆ. ಸಹಿಯ ಜಾಗ ಖಾಲಿ ಇದೆ. ಸ್ನೇಹಲ್ ಅಂತಲೇ ಮಾಡು.