ಬೀದಿಯ ತಿರುವಿನಲ್ಲಿ ಹಗಲುವೇಷ

ಮುಳಬಾಗಿಲು ತಾಲ್ಲೂಕು
೧೪-೨-೧೯೩೮

ಪೂಜ್ಯ ಚಿಕ್ಕಪ್ಪನವರಿಗೆ ಕನಕವಲ್ಲಿಯ ನಮಸ್ಕಾರಗಳು.

ನಾನು ಪಾಠ ಹೇಳುವ ಮಕ್ಕಳಿಗೆ ಕೋಲಾರದ ಸರ್ಕಸ್ಸು ತೋರಿಸುವ ಶಕ್ತಿ ಇಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಮನೆಮನೆಯ ಮುಂದೆ ಕುಣಿಯುವ ಹಗಲುವೇಷದವರನ್ನೇ ನಿನ್ನೆ ಶಾಲೆಯ ಅಂಗಳಕ್ಕೆ ಕರೆಸಿದೆ. ಪ್ರತಿಯೊಂದು ಮಗುವೂ ಬೊಗಸೆ ರಾಗಿ ತಂದು ಅವರ ಜೋಳಿಗೆಗೆ ಸುರಿಯಿತು. ಆಂಜನೇಯನ ವೇಷದವನು ತೆಲುಗಿನಲ್ಲಿ ಗದರುತ್ತ ಮಾವಿನ ಮರ ಹತ್ತಿದ್ದನಷ್ಟೆ, ಶಾನುಭೋಗರು ಬಂದರು.

“ಏನಮ್ಮಾ, ಕ್ಲಾಸಿಗೇ ಫಸ್ಟ್ ಬಂದೋಳಂತೆ! ಊರಿಗೆ ಬಂದ ವೇಷ ಮೊದ್ಲು ನಮ್ಮನೆ ಮುಂದೆ ಕುಣೀಬೇಕು ಅನ್ನೋದು ಗೊತ್ತಿಲ್ವಾ?”

ಈ ಪದ್ಧತಿ ನನಗೆ ನಿಜಕ್ಕೂ ತಿಳಿದಿರಲಿಲ್ಲ. ವೇಷದವರು ಹೆದರಿ ಅವರ ಹಿಂದೆ ಅಗ್ರಹಾರಕ್ಕೆ ನಡೆದರು. ಮಕ್ಕಳೂ ಬೆನ್ನಟ್ಟಿ ಓಡಿದರು. ಊರಾಚೆಯ ಕೇರಿಯ ಮಕ್ಕಳು ಮಾತ್ರ ಬೀದಿಯ ತಿರುವಿನಲ್ಲೇ ನಿಂತರು. ಅದರಾಚೆ ಕಾಲಿಡುವಂತಿಲ್ಲವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಅಲ್ಲಿ ತಡೆಯಿಲ್ಲ. ಆದರೂ ಅವರೊಡನೆಯೇ ನಿಂತೆ. ಹಾರ್ಮೋನಿಯಂ ಮಾತ್ರ ಕೇಳಿಸುತ್ತಿತ್ತು.

“ಮೇಷ್ಟ್ರಮ್ಮಾ, ನಮ್ ರಾಗಿನೂ ತಗೊಂಡೇ ಹೋದ್ರಲ್ಲಾ,” ಎಂದಳು ಅವರಲ್ಲಿ ಚಿಕ್ಕವಳಾದ ಮುತ್ಯಾಲಮ್ಮ.

ನನ್ನ ಚಳಿಜ್ವರ ಬಿಟ್ಟಿದೆ, ಚಿಕ್ಕಮ್ಮನವರಿಗೆ ತಿಳಿಸಿ. ಈ ಊರಿನ ಟಪಾಲು ಚೀಲವೂ ಶಾನುಭೋಗರ ವಶದಲ್ಲೇ ಇದೆ. ಅವರು ಓದಲೆಂದೇ ಲಕೋಟೆಯನ್ನು ಬಿಟ್ಟು ಕಾರ್ಡಿನಲ್ಲಿ ಬರೆದಿದ್ದೇನೆ.

ಇಂತಿ,
ಕನಕವಲ್ಲಿ