ಗೋಡೆ ನೋಡು, ಬಂಗಾರಿ

ಜೂನ್ ೧೪, ಶನಿವಾರ

ಮಧ್ಯಾಹ್ನ ಮತ್ತೆ ಅದೇ ಆಯಿತು. ಗಂಡ (ಬರೆಯಲು ಎಷ್ಟು ಚೆಂದದ ಪದ!) ಮುದ್ದಿಸಲು ಬಗ್ಗಿದರೆ, ನಾನು ಗೋಡೆಯತ್ತ ಮುಖ ತಿರುಗಿಸಿ ಕೈ ಚಾಚಿದೆ, ರಕ್ತ ಕೊಡುವವಳ ಹಾಗೆ.

"ನಾನೇನು ಸಿರಿಂಜ್ ಹಿಡ್ಕೊಂಡಿದೀನಾ, ಮೇಡಂ?"

ನಗು ಬಂತು, ಅಳುವೂ ಬಂತು. ಎಲ್ಲ ಹೇಳಿಬಿಟ್ಟೆ, ನಾವಿಬ್ಬರೂ ಕೂಡುವಾಗ ನೋವಾಗುವುದನ್ನೂ. ಒಂಬತ್ತನೇ ವಯಸ್ಸಿನಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ ನನ್ನನ್ನು ಮುಟ್ಟಿದವರೆಲ್ಲ ಚುಚ್ಚಲೆಂದೇ ಮುಟ್ಟುತ್ತಿದ್ದರು. "ಗೋಡೆ ನೋಡು ಬಂಗಾರಿ, ಮುಗೀತು" ಎನ್ನುತ್ತಿದ್ದಳು ನರ್ಸ್ ಅಕ್ಕ. ಗೋಡೆಯ ಮೇಲೆ ನನಗೋಸ್ಕರ ಅವಳೇ ಬಿಡಿಸಿದ ನೀಲಿ ಆನೆ. ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

"ಸೋಮವಾರ ಇಬ್ರೂ ಡಾಕ್ಟರ್ ಹತ್ರ ಹೋಗೋಣ. ಅಲ್ಲೀವರೆಗೂ ನಾನು ಮುಟ್ಟಲ್ಲ, ನೀನೇ ಮುಟ್ಟು," ಎಂದು ಅವನು ಕೈಕಟ್ಟಿ ಮಲಗಿದ.

ಅವನೆದೆಯ ಮೇಲೆ ಅಂಗೈ ಇಟ್ಟೆ. ಡವಡವ ಎನ್ನುತ್ತಿತ್ತು. ಇಷ್ಟು ದಿನ ಹೆದರಿದವಳು ನಾನೊಬ್ಬಳೇ ಅಂದುಕೊಂಡಿದ್ದೆನಲ್ಲ. ನಿದ್ದೆ ಎಳೆಯುತ್ತಿದೆ, ಅಂಗೈ ಮಾತ್ರ ಇನ್ನೂ ಅಲ್ಲೇ…